ಕೂತವರ ಕಿಟಕಿ

ಅವನು ಯಾರನ್ನೂ ಕೇಳಲಿಲ್ಲ. ಸಾಲಾಗಿ ಜೋಡಿಸಿಟ್ಟಿದ್ದ ಇಟ್ಟಿಗೆಗಳಲ್ಲಿ ಒಂದನ್ನು ಎತ್ತಿಕೊಂಡ. ಎದೆಮಟ್ಟಕ್ಕೆ ಹಿಡಿದ. ಕೈಬಿಟ್ಟ.

ಧಪ್!

ಅಂಗಳದಲ್ಲಿದ್ದ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡಿದರು. ಇಟ್ಟಿಗೆ ಒಡೆದಿರಲಿಲ್ಲ. ಒಂದು ಮೂಲೆಯಿಂದ ಚೂರು ಹಾರಿತ್ತು, ಅಷ್ಟೆ.

"ಗಟ್ಟಿಯಾಗಿದೆ," ಎಂದ ಅವನು ತನ್ನಷ್ಟಕ್ಕೆ. "ಯಾರು ಮಾಡಿದ್ದು ಇದನ್ನ?"

"ನಾನು."

ಅವಳು ಮೊಣಕೈವರೆಗೆ ಮಣ್ಣಾಗಿದ್ದ ಕೈಗಳನ್ನು ಒರೆಸಿಕೊಳ್ಳದೆಯೇ ಎದುರಿಗೆ ಬಂದು ನಿಂತಳು. "ಎತ್ತಿಹಾಕೋ ಮುಂಚೆ ಒಂದು ಮಾತು ಕೇಳಬಹುದಿತ್ತು."

"ಇದು ಪರೀಕ್ಷೆ. ಎಲ್ಲ ಕಡೆ ಹೀಗೇ ಮಾಡ್ತೀವಿ. ಒಂದು ಇಟ್ಟಿಗೆ ತಾನೇ..."

"ಅದರೊಳಗಿರೋದು ನಮ್ಮಮ್ಮನ ಅಡುಗೆಮನೆ ಗೋಡೆ," ಎಂದಳು. ದನಿ ಏರಲಿಲ್ಲ. "ಒಂದು ಸಲ ಬಿದ್ದಿದ್ದೇ ಸಾಕಾಗಿದೆ ಅದಕ್ಕೆ."

ಅವನು ಮಂಡಿಯೂರಿ ಕೂತು, ಇಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ, ಜೇಬಿನ ಕರ್ಚೀಫಿನಿಂದ ಧೂಳು ಒರೆಸಿ, ಎಲ್ಲಿಂದ ತೆಗೆದಿದ್ದನೋ ಅಲ್ಲೇ ಇಟ್ಟ.

"ತಪ್ಪಾಯ್ತು," ಎಂದ.

ಜಗಳಕ್ಕೆ ಸೊಂಟ ಕಟ್ಟಿ ಬಂದಿದ್ದವಳಿಗೆ ಈಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಎದುರಾಳಿಯೇ ಇಲ್ಲದ ಮೇಲೆ ಸಿಟ್ಟನ್ನು ಎಲ್ಲಿ ಇಳಿಸುವುದು?

ಅವನು ಹೊಸದಾಗಿ ಬಂದ ಇಂಜಿನಿಯರ್. ನಲವತ್ತು ದಾಟಿದ ಮುಖ, ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಸುತ್ತಿಗೆ. ಗೋಡೆ ಕಂಡಲ್ಲೆಲ್ಲ ಟಕ್ ಟಕ್ ಎಂದು ತಟ್ಟಿ ಕಿವಿಗೊಡುತ್ತಿದ್ದ. ಸಂಜೆಯಾಗುವಷ್ಟರಲ್ಲಿ ಹೆಂಗಸರು ಅವನಿಗೆ 'ಸುತ್ತಿಗೆ ಸಾಹೇಬ್ರು' ಎಂದು ಹೆಸರಿಟ್ಟಾಗಿತ್ತು.

ಅವಳಿಗೂ ಅಂಥದೇ ಒಂದು ಹೆಸರಿತ್ತು, ಟೈಲರಮ್ಮ. ಭೂಕಂಪಕ್ಕೆ ಮುಂಚೆ ಆ ಬೀದಿಯ ಅರ್ಧ ಜನ ತೊಟ್ಟ ಬಟ್ಟೆ ಅವಳು ಹೊಲಿದದ್ದು. ಮದುವೆಯ ವಯಸ್ಸು ಹೊಲಿಗೆ ಮಿಷಿನ್ನಿನ ಕೆಳಗೆ ದಾರದ ತುಂಡುಗಳಂತೆ ಉದುರಿಹೋಗಿತ್ತು. ಅದನ್ನು ಗುಡಿಸಿ ಹಾಕಿ ಅವಳು ಮರೆತೂ ಬಿಟ್ಟಿದ್ದಳು. ಆಮೇಲೆ ಒಂದು ಬೆಳಿಗ್ಗೆ, ಉಸಿರೆಳೆದು ಬಿಡುವಷ್ಟರಲ್ಲಿ, ಬೀದಿಯ ಎರಡೂ ಬದಿಯ ಮನೆಗಳು ನೆಲಸಮವಾದವು. ಮಿಷಿನ್ನು, ಮನೆ ಎಲ್ಲ ಅದರಡಿ.

ಈಗ ಆ ಕುಸಿದ ಗೋಡೆಗಳನ್ನೇ ಪುಡಿ ಮಾಡಿ, ಮಣ್ಣು ಬೆರೆಸಿ, ಒಂದಿಷ್ಟೇ ಸಿಮೆಂಟು ಹಾಕಿ, ಅಚ್ಚಿನಲ್ಲಿ ಒತ್ತಿ ಇಟ್ಟಿಗೆ ಮಾಡುತ್ತಿದ್ದರು. ಸುಡಬೇಕಾಗಿಲ್ಲ, ಸೌದೆ ಬೇಕಿಲ್ಲ, ಹೊರಗಿನಿಂದ ತರುವ ಖರ್ಚಿಲ್ಲ. ನೆರಳಿನಲ್ಲಿ ಒಣಗಿಸಿ, ನೀರು ಕುಡಿಸಿದರೆ ಸಾಕು. ಬಿದ್ದ ಬೀದಿಯೇ ಎದ್ದು ನಿಲ್ಲುತ್ತಿತ್ತು.

ಆದರೆ ಅಲ್ಲಿ ಯಾರೂ ತಮ್ಮ ಮನೆ ಕಟ್ಟಿಕೊಳ್ಳುತ್ತಿರಲಿಲ್ಲ. ಎಲ್ಲರೂ ಎಲ್ಲರ ಮನೆ ಕಟ್ಟುತ್ತಿದ್ದರು! ಯಾವ ಮನೆ ಯಾರಿಗೆಂದು ತಿಳಿಯುವುದು ಕೊನೆಯ ದಿನ, ಮುಚ್ಚಿದ ಬಕೆಟ್ಟಿಗೆ ಕೈಹಾಕಿ ಬೀಗದ ಕೈ ಎತ್ತಿಕೊಂಡಾಗಲೇ. ಸಂಘದ ಅಧ್ಯಕ್ಷೆಯ ಕಟ್ಟಳೆ ಇದು. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಆಕೆಯನ್ನು ಎಲ್ಲರೂ ಕಂಡಕ್ಟರಮ್ಮ ಎನ್ನುತ್ತಿದ್ದರು. "ಯಾವ ಸೀಟು ಯಾರಿಗೆ ಅಂತ ಮೊದಲೇ ಗೊತ್ತಾದ್ರೆ, ಉಳಿದ ಸೀಟು ಒರೆಸೋರು ಯಾರ್ರೀ?" ಎನ್ನುವುದು ಆಕೆಯ ವಾದ. ಎಲ್ಲರೂ ಆಣೆ ಮಾಡಿ ಒಪ್ಪಿದ್ದರು. ಗೋಡೆ ಕಟ್ಟುವ ತಂಡದ ಮುಂದಾಳಾಗಿ ಟೈಲರಮ್ಮನೂ.

ಮರುದಿನ ಅವನು ಬಂದ. ಇಟ್ಟಿಗೆ ರಾಶಿಯ ಮುಂದೆ ನಿಂತು, ಅವಳ ಕಡೆ ತಿರುಗಿ ಕೇಳಿದ.

"ಒಂದು ಎತ್ತಿಕೊಳ್ಳಲಾ?"

ಸುತ್ತಲಿದ್ದವರು ಮುಸಿಮುಸಿ ನಕ್ಕರು. ಅವಳು ನಗಲಿಲ್ಲ. "ಎತ್ಕೊಳ್ಳಿ" ಎಂದಳು. ಅಂದಿನಿಂದ ಅದು ದಿನದ ಪಾಠವಾಯಿತು. ಮಾಡಲಾ, ನೋಡಲಾ, ತಟ್ಟಲಾ...

"ಇನ್ನೇನು, ಉಸಿರಾಡಲಾ ಅಂತಲೂ ಕೇಳ್ತಾರೆ," ಎಂದು ಅತ್ತಿಗೆ ಅವಳ ಪಕ್ಕೆ ತಿವಿದಳು. ಲಾರಿ ಓಡಿಸುವ ಅಣ್ಣನ ಹೆಂಡತಿ ಅವಳು. ನಾಲಿಗೆಯ ಮೇಲೆ ಹಿಡಿತವಿಲ್ಲ, ಮನಸ್ಸಿನಲ್ಲಿ ಕಲ್ಮಷವಿಲ್ಲ. "ಮದುವೆ ಆಗಿಲ್ವಂತೆ ಕಣೇ. ವಿಚಾರಿಸಿದೆ."

"ನಿಮ್ಮನ್ನ ಯಾರು ಕೇಳಿದ್ರು ಅತ್ತಿಗೆ?"

"ನಿನ್ನ ಕಿವಿ ಕೆಂಪಾಗಿದೆಯಲ್ಲ, ಅದು ಕೇಳ್ತು."

ಟೈಲರಮ್ಮ ಗಾರೆಯ ಕರಣೆಯನ್ನು ಎರಡು ಸಲ ಜಾಸ್ತಿಯೇ ತಟ್ಟಿದಳು. ಈ ವಯಸ್ಸಿನಲ್ಲಿ ಇದೇನು ಹುಚ್ಚು... ಆದರೆ ಅವನ ಚೀಲದ ಪಟ್ಟಿ ಕಿತ್ತುಬಂದದ್ದನ್ನು ಕಂಡ ದಿನ, ಊಟದ ಹೊತ್ತಿನಲ್ಲಿ ಕೇಳಿ ಇಸಿದುಕೊಂಡು ಎರಡೆಳೆ ದಾರ ಹಾಕಿ ಹೊಲಿದುಕೊಟ್ಟದ್ದೂ ಅವಳೇ. ಅವನು ಆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದ. "ಇದು ಹರಿಯೋ ಹಾಗೆ ಕಾಣ್ಸಲ್ಲ," ಎಂದ. ಗೋಡೆಗೂ ಅವನು ಇಷ್ಟು ಹೊಗಳಿಕೆ ಕೊಟ್ಟದ್ದನ್ನು ಯಾರೂ ಕೇಳಿರಲಿಲ್ಲ.

ಗೋಡೆಯ ಗುಟ್ಟನ್ನು ಅವನು ಅವಳಿಗೆ ಹೇಳಿಕೊಟ್ಟದ್ದು ಬಟ್ಟೆಯ ಭಾಷೆಯಲ್ಲೇ. ಕಿಟಕಿಯ ಕೆಳಗೆ ಮನೆಯ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಓಡುತ್ತದೆ, ಒಳಗೆ ಕಬ್ಬಿಣದ ಸರಳು. ಅದು ಲಂಗದ ಸೊಂಟಪಟ್ಟಿ ಇದ್ದ ಹಾಗೆ. ಭೂಮಿ ನಡುಗಿದಾಗ ನಾಲ್ಕು ಗೋಡೆ ನಾಲ್ಕು ದಿಕ್ಕಿಗೆ ಹೋಗದಂತೆ ಹಿಡಿಯುವುದು ಅದೇ. ಅವಳಿಗೆ ತಟ್ಟನೆ ಅರ್ಥವಾಗಿತ್ತು.

ಅರ್ಥವಾಯಿತು ಎಂದುಕೊಂಡಿದ್ದಳು.

ಮನೆಗಳೆಲ್ಲ ಮೇಲೇರುತ್ತಿದ್ದರೂ ಅವಳ ಎದೆಯಲ್ಲಿ ಒಂದು ಕಲ್ಲು ಕೂತಿತ್ತು. ಅಮ್ಮ.

ಭೂಕಂಪದ ದಿನ ಅಮ್ಮ ಅಡುಗೆಮನೆಯ ನೆಲದ ಮೇಲೆ, ಬಿದ್ದ ತೊಲೆಯಡಿ ಸಿಕ್ಕಿಕೊಂಡಿದ್ದಳು. ಗೋಡೆಯ ಬುಡದಲ್ಲಿ ಅಂಗೈಯಗಲದ ಒಂದು ಬಿರುಕು. ಅದರಲ್ಲಿ ಕಾಣುತ್ತಿದ್ದದ್ದು ಬೀದಿಯ ನೆಲ, ಅಲ್ಲಿ ಓಡಾಡುವವರ ಕಾಲು. ಎಷ್ಟೋ ಕಾಲುಗಳು ಬಂದವು, ಹೋದವು. ಕೂಗಲು ದನಿ ಸಾಲಲಿಲ್ಲ. ಸಂಜೆಯ ಹೊತ್ತಿಗೆ ಗುರುತಿನ ಒಂದು ಜೊತೆ ಚಪ್ಪಲಿ ಕಂಡಿತು, ಮಗಳದ್ದು. ಉಳಿದ ಉಸಿರನ್ನೆಲ್ಲ ಒಟ್ಟುಮಾಡಿ ಅಮ್ಮ ಕೂಗಿದ್ದು ಆಗ.

ಅಮ್ಮನ ಕಾಲು ಮತ್ತೆ ಸರಿಹೋಗಲಿಲ್ಲ. ಗಾಲಿಕುರ್ಚಿ ಬಂತು. ಅದಕ್ಕೂ ಅವಳು ಹೊಂದಿಕೊಂಡಳು. ಆದರೆ ಗೋಡೆಯಿರುವ ಯಾವ ಕೋಣೆಯೊಳಗೂ ಬರಲೊಲ್ಲಳು. ಡೇರೆಯ ಬಾಗಿಲಲ್ಲೇ ಹಗಲು, ಅಲ್ಲೇ ನಿದ್ದೆ. ಕಟ್ಟಿ ಮುಗಿಯುತ್ತಿದ್ದ ಮನೆಯೊಳಗೆ ಒಮ್ಮೆ ಕುರ್ಚಿ ತಳ್ಳಿಕೊಂಡು ಹೋದಾಗ, ಕಿಟಕಿಯಾಚೆ ಬರೀ ಆಕಾಶ ಕಂಡು, ಮಗಳ ಕೈಗೆ ಉಗುರು ನೆಡುವಂತೆ ಹಿಡಿದುಕೊಂಡಿದ್ದಳು.

"ನೆಲ ಕಾಣಬೇಕು ಕಣೇ. ಹೋಗೋ ಬರೋರ ಕಾಲು ಕಾಣಬೇಕು. ಅದಿಲ್ಲದ ಮನೇಲಿ ನಾನಿರೋಲ್ಲ. ನೀನು ಹೋಗಿರು. ನನಗೆ ಈ ಡೇರೆ ಸಾಕು."

ನೀನು ಹೋಗಿರು ಅಂತೆ! ಅಮ್ಮನನ್ನು ಬಟ್ಟೆಯ ಗೋಡೆಯೊಳಗೆ ಬಿಟ್ಟು ಯಾವ ಮಗಳು ಇಟ್ಟಿಗೆಯ ಗೋಡೆಯೊಳಗೆ ಮಲಗಿಯಾಳು?

ಆದ್ದರಿಂದಲೇ, ಇಂಜಿನಿಯರ್ ಸಾಮಾನು ತರಲು ನಗರಕ್ಕೆ ಹೋಗಿದ್ದ ದಿನ, ಟೈಲರಮ್ಮ ಆಣೆ ಮುರಿದಳು.

ಮೂಲೆಯ ಮನೆ. ಅವರ ಹಳೆಯ ಮನೆ ಇದ್ದ ಜಾಗ. ಅಲ್ಲಿ ಬೀದಿ ಕಡೆಯ ಕಿಟಕಿಯನ್ನು ಅಮ್ಮನ ಕುರ್ಚಿಯ ಮಟ್ಟಕ್ಕೆ ಇಳಿಸಿದಳು. ಬೀಗದ ಕೈ ಯಾರಿಗೆ ಬಂದರೂ ಕೈಕಾಲು ಹಿಡಿದು ಬದಲಾಯಿಸಿಕೊಂಡರಾಯಿತು ಎಂಬ ಧೈರ್ಯ. ಅಷ್ಟು ಕೆಳಗೆ ಕಿಟಕಿ ಬರಬೇಕಾದರೆ ಆ ಪಟ್ಟಿ ಅಡ್ಡ ಬರುತ್ತದಲ್ಲ? ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. ಸೊಂಟಪಟ್ಟಿ ಎಂದಮೇಲೆ ಒಂದು ಕಡೆ ಸೀಳು ಇದ್ದೇ ಇರುತ್ತದೆ, ಕೊಕ್ಕೆ ಹಾಕಿದರೆ ನಿಲ್ಲುತ್ತದೆ. ಸರಳುಗಳನ್ನು ಕಿಟಕಿಯ ಎರಡೂ ಬದಿಗೆ ನಿಲ್ಲಿಸಿ, ತುದಿಗಳನ್ನು ಚೆಂದವಾಗಿ ಕೊಕ್ಕೆಯಂತೆ ಬಗ್ಗಿಸಿ, ಕಾಂಕ್ರೀಟ್ ಹಾಕಿಬಿಟ್ಟಳು.

ಟೈಲರ್ ಅಲ್ಲದ ಯಾರಿಗೂ ಇಂಥ ತಪ್ಪು ಮಾಡಲು ಹೊಳೆಯುತ್ತಿರಲಿಲ್ಲ.

ಅವನು ಬಂದ. ಟಕ್ ಟಕ್ ಎಂದು ಬೀದಿಯುದ್ದಕ್ಕೂ ತಟ್ಟುತ್ತ ಮೂಲೆಯ ಮನೆಗೆ ಬಂದು ತಲುಪಿದ. ಸುತ್ತಿಗೆ ನಿಂತಿತು.

"ಯಾರು ಮಾಡಿದ್ದು ಇದನ್ನ?"

ಮೊದಲ ದಿನ ಕೇಳಿದ್ದೂ ಇದೇ ಮಾತು. ಆದರೆ ಆ ದಿನದ ದನಿ ಇದಲ್ಲ.

"ನಾನು," ಎಂದಳು.

ಅವನ ಮುಖ ಬಿಳಿಚಿಕೊಂಡಿತು. ಕಿಟಕಿಯನ್ನು ನೋಡಿದ. ಬೀದಿಯಾಚೆ ಡೇರೆಯ ಬಾಗಿಲಲ್ಲಿದ್ದ ಕುರ್ಚಿಯನ್ನು ನೋಡಿದ. ಕೊನೆಗೆ ಅವಳನ್ನು.

"ಒಡೀಬೇಕು. ಇವತ್ತೇ."

"ಯಾಕೆ ಹೀಗೆ ಕಟ್ಟಿದೆ ಅಂತ ನಿಮಗೆ ಗೊತ್ತು," ಎಂದಳು ಮೆಲ್ಲಗೆ.

"ಗೊತ್ತು. ಅದಕ್ಕೇ ಒಡೀಬೇಕು."

ಅಷ್ಟೇ! ಕೇಳಲಿಲ್ಲ, ಕೂರಿಸಿ ಮಾತಾಡಲಿಲ್ಲ. ಉಸಿರಾಡಲೂ ಅಪ್ಪಣೆ ಕೇಳುತ್ತಾನೆಂದು ಎಲ್ಲರೂ ನಗುತ್ತಿದ್ದ ಮನುಷ್ಯ ಎಲ್ಲರೆದುರಿಗೆ ಎರಡೇ ಮಾತಿನಲ್ಲಿ ಅವಳನ್ನು ಮುಗಿಸಿಬಿಟ್ಟಿದ್ದ. ಗುಂಪು ಸೇರಿತು. ಎಲ್ಲರ ಮನೆ ಎಲ್ಲರಿಗೂ ಎಂದು ಆಣೆ ಮಾಡಿದವಳೇ ತನ್ನಮ್ಮನಿಗೊಂದು ಮನೆ ಮೀಸಲಿಟ್ಟುಕೊಂಡಳಲ್ಲ ಎಂದು ಒಬ್ಬಳೆಂದಳು. ಕಂಡಕ್ಟರಮ್ಮ ಏನೂ ಅನ್ನಲಿಲ್ಲ. ಆ ಬಾಯಿ ಸುಮ್ಮನಿದ್ದದ್ದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಟೈಲರಮ್ಮ ತಾನೇ ಸುತ್ತಿಗೆ ಹಿಡಿದು ಒಡೆದಳು. ತಾನೇ ಒತ್ತಿದ ಇಟ್ಟಿಗೆಗಳು. ಬಿಡಿಸುವಾಗ ಗೊತ್ತಾಯಿತು, ಎಷ್ಟು ಗಟ್ಟಿಯಾಗಿದ್ದವೆಂದು.

ಮಾರನೆಯ ದಿನ ಇನ್ನೊಂದು ಸಿಡಿಲು. ಎಲ್ಲ ಮನೆಗಳ ಗೋಡೆ ಕೆಲಸ ನಿಲ್ಲಿಸಿ ಎಂದು ಹೇಳಿ ಇಂಜಿನಿಯರ್ ನಗರಕ್ಕೆ ಹೊರಟುಹೋಗಿದ್ದ. ಯಾಕೆ, ಎಷ್ಟು ದಿನ, ಯಾರಿಗೂ ತಿಳಿಯದು.

ದಿನಗಳು ಉರುಳಿದವು. ಮಳೆಗಾಲ ಹತ್ತಿರ ಬರುತ್ತಿತ್ತು. ಡೇರೆಗಳು ಹಳತಾಗಿ ಸೋರತೊಡಗಿದ್ದವು. ನೀರಿನ ಸಾಲಿನಲ್ಲಿ ಟೈಲರಮ್ಮ ನಿಂತರೆ ಮುಂದಿನವರು ತಿರುಗಿ ಮಾತಾಡಿಸುತ್ತಿರಲಿಲ್ಲ. ಒಬ್ಬಳ ಕಿಟಕಿಗೆ ಎಲ್ಲರ ಬಾಗಿಲೂ ಮುಚ್ಚಿತು ಎಂಬ ಮಾತು ಅವಳ ಬೆನ್ನಿಗೆ ಬಂದು ತಾಗುತ್ತಿತ್ತು.

ಸಂಘದ ಕಚೇರಿಯಿಂದ ಅತ್ತಿಗೆ ಸುದ್ದಿ ತಂದಳು. ಸಾಹೇಬ್ರು ಮೇಲಿನವರ ಹತ್ತಿರ ಹೋಗಿದ್ದಾರೆ, ಮೂಲೆ ಮನೆಯ ಕಿಟಕಿಯ ಚಿತ್ರ ತೆಗೆದುಕೊಂಡೇ ಹೋಗಿದ್ದಾರೆ. "ನಿನ್ನನ್ನ ತಂಡದಿಂದ ತೆಗೆಸ್ತಾರೆ ಅಂತ ಮಾತು. ನಾನು ನಂಬಲ್ಲಪ್ಪ..." ಎಂದಳಾದರೂ, ನಾದಿನಿಯ ಮುಖ ನೋಡಲಿಲ್ಲ.

ಟೈಲರಮ್ಮ ಅಳಲಿಲ್ಲ. ಅವಳಿಗೆ ನಾಚಿಕೆಯಾಗಿತ್ತು, ಅಳುವಿಗಿಂತ ಆಳವಾದದ್ದು. ತಪ್ಪು ತನ್ನದೇ, ಅದನ್ನು ಅವಳು ಅಲ್ಲಗಳೆಯಲಿಲ್ಲ. ಆದರೆ ಅವನ ಚೀಲದ ಪಟ್ಟಿಗೆ ಎರಡೆಳೆ ದಾರ ಹಾಕಿದೆನಲ್ಲ... ಆ ದಾರದ ಜೊತೆ ಏನನ್ನು ಹೊಲಿದಿದ್ದೆ ನಾನು? ಗಂಡಸು ಒಮ್ಮೆ ಇಟ್ಟಿಗೆ ಒರೆಸಿಟ್ಟ ಮಾತ್ರಕ್ಕೆ ಹೆಣ್ಣಿನ ಮನಸ್ಸು ಅಷ್ಟು ದೂರ ಹೋಗಬಹುದೇ?

ಒಂದು ಮಧ್ಯಾಹ್ನ ಅಮ್ಮನ ತಲೆ ಬಾಚುತ್ತಿದ್ದಾಗ, ಮಾತು ತಾನಾಗಿ ಹೊರಬಿತ್ತು. "ಆ ಮನುಷ್ಯನ್ನ ನಾನು ಕ್ಷಮಿಸೋಲ್ಲ ಅಮ್ಮ."

"ಯಾರನ್ನ, ಸುತ್ತಿಗೆಯವನನ್ನಾ?" ಅಮ್ಮ ತಲೆ ತಿರುಗಿಸಿದಳು. "ಹೊರಡೋ ಮುಂಚೆ ಬಂದಿದ್ನಲ್ಲ ಇಲ್ಲಿಗೆ."

ಬಾಚಣಿಗೆ ನಿಂತಿತು. "ಇಲ್ಲಿಗಾ?"

"ನೀನು ನೀರಿಗೆ ಹೋಗಿದ್ದೆ. ನನ್ನ ಪಕ್ಕದಲ್ಲಿ ನೆಲದ ಮೇಲೇ ಕೂತ. ನನ್ನ ಕಣ್ಣಿನಿಂದ ನೆಲಕ್ಕೆ ಎಷ್ಟು ಅಂತ ಟೇಪು ಹಿಡಿದು ಅಳೆದ. ಎಲ್ಲಿವರೆಗೆ ಕಂಡ್ರೆ ಭಯ ಆಗಲ್ಲ ಅಂತ ಕೇಳಿದ, ತೋರಿಸಿದೆ. ಅದನ್ನೂ ಅಳೆದ. ಟೈಲರ್ ನನ್ನ ಮಗಳು, ಅಳತೆ ಇವನು ತಗೊಳ್ತಾನಲ್ಲ ಅಂತ ನನಗೆ ನಗು ಬಂತು."

"ಯಾಕಮ್ಮ ಹೇಳ್ಲಿಲ್ಲ ಇಷ್ಟು ದಿನ?"

"ನೀನು ಅವನ ಹೆಸರೆತ್ತಿದ್ರೆ ಎದ್ದು ಹೋಗ್ತಿದ್ಯಲ್ಲೇ!"

ಟೈಲರಮ್ಮನ ಎದೆಯೊಳಗೆ ಏನೋ ಸರಿಯಿತು. ಆದರೆ ನಂಬಲು ಹೆದರಿದಳು. ಒಮ್ಮೆ ಕುಸಿದ ಜಾಗದಲ್ಲಿ ಕಾಲಿಡುವಾಗ ಯಾರಿಗಾದರೂ ಹೆದರಿಕೆಯೇ.

ಅವನು ಬಂದದ್ದು ಮೋಡ ಕವಿದ ಒಂದು ಬೆಳಿಗ್ಗೆ. ಗಡ್ಡ ಬೆಳೆದಿತ್ತು, ಅಂಗಿ ಧೂಳು ಹಿಡಿದಿತ್ತು. ಹೆಗಲಲ್ಲಿ ಅದೇ ಚೀಲ, ಅದೇ ಪಟ್ಟಿ. ಅಂಗಳದಲ್ಲಿ ಎಲ್ಲರೂ ಸೇರಿದರು. ಯಾರ ಮುಖದಲ್ಲೂ ಸ್ವಾಗತವಿರಲಿಲ್ಲ.

"ಬಸ್ಸು ದಾರೀಲಿ ನಿಲ್ಲಿಸಿ ಇಳಿದುಹೋದ ಡ್ರೈವರ್ ಬಂದ್ರು ನೋಡ್ರಪ್ಪ," ಎಂದಳು ಕಂಡಕ್ಟರಮ್ಮ. "ಹೇಳಿ, ಪ್ರಯಾಣಿಕರಿಗೆ ಕಾರಣ ಹೇಳಿ."

ಅವನು ಹೇಳಿದ. ನಗರದ ಪ್ರಯೋಗಾಲಯದಲ್ಲಿ ಭೂಕಂಪದಂತೆ ಅಲುಗಿಸುವ ಒಂದು ದೊಡ್ಡ ಮಣೆಯಿದೆ. ಪರೀಕ್ಷೆಗೆಂದು ಕಳಿಸಿದ್ದ ಇದೇ ಬೀದಿಯ ಇಟ್ಟಿಗೆಗಳಿಂದ ಅದರ ಮೇಲೆ ಒಂದು ಕೋಣೆ ಕಟ್ಟಿಸಿದ. ಪಟ್ಟಿಯನ್ನು ಇನ್ನೂ ಕೆಳಗೆ, ಸಿಗಿಯದೆ, ಮನೆಯ ಸುತ್ತ ಪೂರ್ತಿ ಓಡಿಸಿದ. ಅದರ ಮೇಲೆ ತಗ್ಗಿನ ಕಿಟಕಿ ಇಟ್ಟ. ಮೊದಲ ಕೋಣೆ ಬಿರುಕುಬಿಟ್ಟು ಬಿತ್ತು. ಸರಳು ಜೋಡಿಸುವ ರೀತಿ ಬದಲಿಸಿ ಇನ್ನೊಂದು ಕಟ್ಟಿಸಿದ. ಈ ಬೀದಿಯನ್ನು ಕೆಡವಿದ ಭೂಕಂಪಕ್ಕಿಂತ ಜೋರಾಗಿ ಅದನ್ನು ಅಲುಗಿಸಿದರು.

"ನಿಂತಿತು," ಎಂದ. "ಇನ್ನು ಎಲ್ಲ ಮನೆಗೂ ಕಿಟಕಿ ಅಲ್ಲೇ. ಒಪ್ಪಿಗೆ ತಂದಿದ್ದೀನಿ."

ಅವನು ಮಾತು ಮುಂದುವರಿಸಿದ.

"ಮೂಲೆ ಮನೆ ಪಟ್ಟಿ ಕತ್ತರಿಸಿದ್ದು ತಪ್ಪು. ಅಲುಗಿದ ದಿನ ಆ ಮನೆ ಮೊದಲು ಬಾಯಿ ತೆರೀತಿತ್ತು, ಒಳಗಿದ್ದೋರ ಮೇಲೆ. ಆದರೆ ಅದಕ್ಕಿಂತ ಮುಂಚೆ ನಕ್ಷೆಯಲ್ಲೇ ತಪ್ಪಿತ್ತು. ನಾವು ಕಿಟಕಿ ಇಟ್ಟಿದ್ದು ನಿಂತಿರೋರ ಅಳತೆಗೆ. ಕೂತವರನ್ನ, ಮಲಗಿದವರನ್ನ, ಪುಟ್ಟ ಮಕ್ಕಳನ್ನ ನಾವು ಕೇಳಲೇ ಇಲ್ಲ. ಕೇಳಿದ್ದು ಒಬ್ಬರೇ," ಎಂದು ಟೈಲರಮ್ಮನ ಕಡೆ ನೋಡಿದ.

ಹಳೇ ಮಟ್ಟಕ್ಕೆ ಪಟ್ಟಿ ಹಾಕಿದ್ದ ಮನೆಗಳನ್ನು ಹೊಸ ಪಟ್ಟಿಯ ಮಟ್ಟದವರೆಗೆ ಬಿಚ್ಚಿ ಮತ್ತೆ ಕಟ್ಟಬೇಕೆಂದೂ ಹೇಳಿದ. ಮಳೆ ಬಾಗಿಲಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಂಡಕ್ಟರಮ್ಮ ಸುತ್ತ ಒಮ್ಮೆ ಕಣ್ಣಾಡಿಸಿ, ಯಾರು ಸಿದ್ಧ ಎಂದು ಕೇಳಿದಳು.

ಮೊದಲು ಎದ್ದದ್ದು ನೀರಿನ ಸಾಲಿನಲ್ಲಿ ಮುಖ ತಿರುಗಿಸಿದ್ದವಳ ಕೈ. "ನಮ್ಮತ್ತೆ ಹಾಸಿಗೆ ಹಿಡಿದು ವರ್ಷವಾಯ್ತು," ಎಂದಳು ಅವಳು, ಯಾರ ಮುಖವನ್ನೂ ನೋಡದೆ. "ಅವರಿಗೂ ಬೀದಿ ಕಾಣಲಿ."

ಆಮೇಲೆ ಇನ್ನೊಂದು ಕೈ. ಆಮೇಲೆ ಲೆಕ್ಕ ಸಿಗಲಿಲ್ಲ.

"ರೈಟ್ ರೈಟ್!" ಎಂದಳು ಕಂಡಕ್ಟರಮ್ಮ, ಬಸ್ಸು ಬಿಡುವ ದನಿಯಲ್ಲಿ. ಎಷ್ಟೋ ದಿನಗಳ ಮೇಲೆ ಆ ಅಂಗಳ ನಕ್ಕಿತು.

ಎಲ್ಲರೂ ಚದುರಿದ ಮೇಲೆ ಟೈಲರಮ್ಮ ಇಟ್ಟಿಗೆ ರಾಶಿಯ ಹತ್ತಿರವೇ ನಿಂತಿದ್ದಳು. ಅವನು ಬಂದ.

"ಒಂದು ಮಾತು ಹೇಳಿ ಹೋಗಬಹುದಿತ್ತು," ಎಂದಳು. "ನಾನು ಏನೇನೋ ಅಂದ್ಕೊಂಡೆ. ಎಲ್ಲರೂ ಅಂದ್ಕೊಂಡ್ರು."

"ಹೇಳಿ ಹೋಗಿ, ಗೋಡೆ ನಿಲ್ಲದೆ ಹೋಗಿದ್ರೆ?" ಅವನು ನೆಲ ನೋಡುತ್ತ ಹೇಳಿದ. "ಮೊದಲನೇ ಕೋಣೆ ಬಿತ್ತು. ನಿಮ್ಮ ಇಟ್ಟಿಗೆ ಕೆಳಗುರುಳಿದ್ದು ನನ್ನ ಕಣ್ಣಾರೆ ನೋಡಿದೆ. ನಿಮಗೆ ಇನ್ನೊಂದು ಸಲ ಮನೆ ಬೀಳೋದನ್ನ ತೋರಿಸೋಕೆ ನನಗೆ ಮನಸ್ಸು ಬರಲಿಲ್ಲ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಬೀಳದೆ ಹಿಡಿದಿಟ್ಟಿದ್ದು ಈಗ ಮಣ್ಣಿನ ಕೈಮೇಲೆ ಬಿತ್ತು.

"ಬೀಳೋದಿದ್ರೂ ಜೊತೇಲಿ ನೋಡೋಣ," ಎಂದಳು. "ಮುಂದಿನ ಸಲ ಕೇಳಿ."

"ಕೇಳ್ತೀನಿ."

ಮಳೆಗೂ ಅವರಿಗೂ ಪಂದ್ಯವೇ ನಡೆಯಿತು. ಗಂಡಸರು ಬೇರೆ ಕೆಲಸ ಬಿಟ್ಟು ಬಂದರು. ಅಣ್ಣ ಲಾರಿ ಇಟ್ಟು ಬಂದ. ಕಂಡಕ್ಟರಮ್ಮ ವಯಸ್ಸು ಮರೆತು ನೀರು ಹೊತ್ತಳು. ಟೈಲರಮ್ಮ ಸರಳು ಕಟ್ಟಿದಳು, ಈ ಸಲ ಎಲ್ಲೂ ಸೀಳಿಲ್ಲದ ಪಟ್ಟಿ. ಕೊನೆಯ ಮನೆಗೆ ಸೂರು ಕೂತ ದಿನವೇ ಮೊದಲ ದೊಡ್ಡ ಮಳೆ ಬಿತ್ತು. ಎಲ್ಲರೂ ಓಡಿ ಒಳಗೆ ನಿಂತು ಮೇಲೆ ನೋಡಿದರು. ಒಂದು ಹನಿಯೂ ಸೋರಲಿಲ್ಲ! ಸೂರಿನ ನೀರು ಕೊಳವೆಯಲ್ಲಿಳಿದು ತೊಟ್ಟಿ ತುಂಬುವ ಸದ್ದಿಗೆ ಜನ ಚಪ್ಪಾಳೆ ತಟ್ಟಿದರು.

ಬೀಗದ ಕೈ ಎತ್ತುವ ದಿನ ಬಂತು. ಬಕೆಟ್ಟಿಗೆ ಕೈಹಾಕುವ ಮುಂಚೆ ಟೈಲರಮ್ಮ ಕಣ್ಣು ಮುಚ್ಚಿದಳು. ಬಂದದ್ದು ಬೀದಿಯ ನಡುವಿನ ಮನೆ. ಮೂಲೆಯ ಮನೆ ಹಾಸಿಗೆ ಹಿಡಿದ ಅತ್ತೆಯವರ ಪಾಲಾಯಿತು. ಆ ಸೊಸೆ ಓಡಿಬಂದು, ಬೇಕಿದ್ದರೆ ಬದಲಾಯಿಸಿಕೊಳ್ಳೋಣ ಎಂದಳು. ಟೈಲರಮ್ಮ ತಲೆಯಾಡಿಸಿ ನಕ್ಕಳು. ಬದಲಾಯಿಸುವುದಕ್ಕೆ ಇನ್ನೇನು ಉಳಿದಿತ್ತು? ಎಲ್ಲ ಮನೆಯೂ ಅಮ್ಮನ ಅಳತೆಯದ್ದೇ.

ಅಮ್ಮನ ಕುರ್ಚಿಯನ್ನು ಹೊಸಿಲಿನ ತನಕ ತಳ್ಳಿ ನಿಲ್ಲಿಸಿದಳು. ಹೊಸಿಲೂ ನೆಲದ ಮಟ್ಟದಲ್ಲೇ ಇತ್ತು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅಮ್ಮನ ಕೈ ಚೌಕಟ್ಟಿನಿಂದ ನಿಧಾನವಾಗಿ ಜಾರಿತು. ಗಾಲಿಯನ್ನು ತಾನೇ ತಿರುಗಿಸಿಕೊಂಡು ಕಿಟಕಿಯವರೆಗೆ ಹೋದಳು. ಹೊರಗೆ ಒದ್ದೆ ನೆಲ, ಬೀದಿ, ಯಾರದೋ ಮಗುವಿನ ಬರಿಗಾಲು, ಅಣ್ಣನ ದಪ್ಪ ಬೂಟು.

"ಕಾಣುತ್ತೆ," ಎಂದಳು ಅಮ್ಮ. "ನನ್ನ ಹಾಸಿಗೆ ಇಲ್ಲಿ ಹಾಕ್ರೇ."

ಟೈಲರಮ್ಮ ಹೊರಗೆ ಓಡಿದಳು. ಅಳುವುದಕ್ಕೆ ಅವಳಿಗೆ ಜಾಗ ಬೇಕಿತ್ತು. ಕಿಟಕಿಯ ಪಕ್ಕದಲ್ಲಿ ಅವನು ನಿಂತಿದ್ದ, ಸುತ್ತಿಗೆ ಇಲ್ಲದ ಬರಿಗೈಯಲ್ಲಿ.

"ಕೆಲಸ ಮುಗೀತು," ಎಂದ. "ನಾಳೆ ಹೊರಡಬೇಕು. ಇನ್ನೊಂದು ಊರು, ಇನ್ನೊಂದು ಬಿದ್ದ ಬೀದಿ. ಹತ್ತಿರದಲ್ಲೇ... ದಿನಾ ಸಂಜೆ ಮನೆಗೆ ಬರಬಹುದಾದಷ್ಟು ಹತ್ತಿರ." ಮಾತು ತಡವರಿಸಿತು. "ಮನೆ ಅನ್ನೋದು ಇದ್ರೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೇಳಿ ಅಂದಿದ್ರಿ. ಅದಕ್ಕೆ ಕೇಳ್ತಿದ್ದೀನಿ. ನಾನು ಇಲ್ಲೇ ಇರಲಾ?"

ಅವಳು ಅವನ ಚೀಲದ ಪಟ್ಟಿಯನ್ನು ಹಿಡಿದು, ತಾನೇ ಹಾಕಿದ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಂದೆಳೆಯೂ ಸಡಿಲವಾಗಿರಲಿಲ್ಲ.

"ಅಡುಗೆ ಬರುತ್ತಾ ನಿಮಗೆ?"

"ಕಲಿಸಿದ್ರೆ ಬರುತ್ತೆ."

"ಕಲಿಸೋ ತನಕ ಬೈಸ್ಕೋಬೇಕಾಗುತ್ತೆ."

"ಮೊದಲನೇ ದಿನದಿಂದ ಅಭ್ಯಾಸ ಇದೆ."

ಅವಳು ನಕ್ಕಳು, ಅಳು ಇನ್ನೂ ನಿಂತಿರಲಿಲ್ಲ. ಇಬ್ಬರೂ ಹಾಗೇ ನಿಂತರು.

ತಗ್ಗಿನ ಕಿಟಕಿಯೊಳಗಿಂದ ಅಮ್ಮನ ದನಿ ಬಂತು.

"ಎರಡು ಜೊತೆ ಕಾಲು ಆಗಿನಿಂದ ಒಂದೇ ಕಡೆ ನಿಂತಿವೆ. ಒಂದು ನನ್ನ ಮಗಳದ್ದು, ಗುರುತು ಸಿಕ್ತು. ಇನ್ನೊಂದು ಯಾರದ್ದೇ?"

ಟೈಲರಮ್ಮ ಅವನ ಮುಖ ನೋಡಿದಳು. ಆಮೇಲೆ ಕಿಟಕಿಯ ಕಡೆ ಬಾಗಿದಳು.

"ನಮ್ಮನೆಯವರದ್ದು ಅಮ್ಮ."

ಒಳಗೆ ಕುರ್ಚಿಯ ಗಾಲಿ ಕಿರುಗುಟ್ಟಿತು.

"ಹಾಗಿದ್ರೆ ಹೊರಗ್ಯಾಕೆ ನಿಂತಿದ್ದೀರಿ?" ಎಂದಳು ಅಮ್ಮ. "ಒಳಗೆ ಬನ್ನಿ ಇಬ್ರೂ. ಕಾಲು ಒರೆಸ್ಕೊಂಡು."